ಅಡುಗೆಮನೆಯಲ್ಲೇ ದಿನ ಮುಗಿಯುತ್ತದೆ, ಪ್ರಾರ್ಥನೆ ಯಾವಾಗ?

ಠಾಕುರ್ಲಿ ಅಮ್ಮ
ಎಲ್ಲರಿಗೂ ವಂದನೆಗಳು. ಮುಂಬೈ, ಪುಣೆ, ಗೋವಾದಲ್ಲಿರುವ ಅಕ್ಕಂದಿರಿಗೆ, ತಾಯಂದಿರಿಗೆ ಒಂದು ಪ್ರಶ್ನೆ. ಅಣ್ಣಂದಿರೂ ಹೇಳಬಹುದು.

ನಾವು ಗದಗ-ಬೆಟಗೇರಿ ಕಡೆಯವರು. ಮದುವೆಯಾಗಿ ಮುಂಬೈ ಹತ್ತಿರದ ಠಾಕುರ್ಲಿಗೆ ಬಂದೆ. ಮಗಳು ಒಂದನೇ ಕ್ಲಾಸು, ಮಗ ಇನ್ನೂ ಮೊಲೆಹಾಲು ಬಿಟ್ಟಿಲ್ಲ. ಅವನು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಬೆಳಿಗ್ಗೆ ನಲ್ಲಿ ಬರುವ ಹೊತ್ತಿಗೆ ಏಳಬೇಕು. ನೀರು ತುಂಬಬೇಕು, ಡಬ್ಬಿ ಕಟ್ಟಬೇಕು, ಮಗಳಿಗೆ ಜಡೆ ಹಾಕಿ ವ್ಯಾನ್ ಹತ್ತಿಸಬೇಕು. ಅಷ್ಟರಲ್ಲಿ ಸಣ್ಣವನು ಏಳುತ್ತಾನೆ. ಅಲ್ಲಿಂದ ರಾತ್ರಿವರೆಗೆ ನನ್ನ ಕೈ ಖಾಲಿ ಇರುವುದಿಲ್ಲ. ನಮ್ಮವರು ಕೆಲಸಕ್ಕೆ ಐರೋಲಿಗೆ ಹೋಗುತ್ತಾರೆ. ಬರುವಾಗ ಮಕ್ಕಳು ಮಲಗಿರುತ್ತಾರೆ.

ನಮ್ಮ ತವರಿನಲ್ಲಿ ಬೆಳಿಗ್ಗೆ ಸತ್ಯವೇದ (ಬೈಬಲ್) ಓದಿ, ಒಂದು ಕೀರ್ತನೆ ಹಾಡಿದ ಮೇಲೆಯೇ ಚಹಾ. ಇಲ್ಲಿ ನನಗೆ ಒಂದು ಅಧ್ಯಾಯ ಪೂರ್ತಿ ಓದಲು ಆಗುವುದಿಲ್ಲ. ಮೊನ್ನೆ ಸ್ತ್ರೀಯರ ಕೂಟದಲ್ಲಿ ಒಬ್ಬ ಹಿರಿಯರು ಎಲ್ಲರ ಎದುರಿಗೇ ಹೇಳಿದರು: "ಮಾರ್ಥಳ ಹಾಗೆ ಓಡಾಡಿದ್ದು ಸಾಕು, ಮರಿಯಳ ಹಾಗೆ ಕೂತುಕೊಳ್ಳುವುದನ್ನು ಕಲಿ." ಯೇಸು ಮನೆಗೆ ಬಂದಾಗ ಮಾರ್ಥಳು ಉಪಚಾರದಲ್ಲಿ ಓಡಾಡಿದಳು, ತಂಗಿ ಮರಿಯಳು ಅವನ ಪಾದದ ಬಳಿ ಕೂತು ಕೇಳಿದಳು, ಆ ಕತೆ. ನಾನು ಕೂತರೆ ಮಗುವಿಗೆ ಅನ್ನ ಕಲಸುವವರು ಯಾರು? ಮನಸ್ಸಿಗೆ ಬಹಳ ನೋವಾಯಿತು.

ಇನ್ನು ಕೆಲವರು ಮನೆಕೆಲಸವೇ ದೇವರ ಸೇವೆ, ಬೇರೆ ಏನೂ ಬೇಡ ಎನ್ನುತ್ತಾರೆ. ಅದೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನನಗೆ ಪ್ರಾರ್ಥನೆ ಬೇಕು. ನೀವೆಲ್ಲ ಹೇಗೆ ಮಾಡುತ್ತೀರಿ?

ವಾಸ್ಕೋ ನರ್ಸ್
ತಂಗಿ, ಮೊದಲು ಒಂದು ಮಾತು. ಹಾಲುಣಿಸುವ ತಾಯಿಗೆ ನಿದ್ದೆ ಬೇಕು. ನಸುಕಿನಲ್ಲೇ ಎದ್ದು ಪ್ರಾರ್ಥನೆ ಮಾಡು ಎಂದು ಯಾರಾದರೂ ಹೇಳಿದರೆ ಈಗ ಅದನ್ನು ಕೇಳಬೇಡ. ಮಗು ಮಲಗಿದಾಗ ನೀನೂ ಮಲಗು.

ಕಲ್ಯಾಣ್ ಅಮ್ಮನವರು
ನಮ್ಮ ಯಜಮಾನರು ಸಭಾಪಾಲಕರು (ಪಾಸ್ಟರ್). ಹಾಗಾಗಿ ಈ ಮಾರ್ಥ-ಮರಿಯಳ ಪ್ರಸಂಗ ನಾನು ಬಹಳ ಸಲ ಕೇಳಿದ್ದೇನೆ. ಆ ಹಿರಿಯರು ಹೇಳಿದ್ದು ಅರ್ಧ ಮಾತ್ರ.

ಲೂಕನ ಸುವಾರ್ತೆಯ 10ನೇ ಅಧ್ಯಾಯವನ್ನು ನಿಧಾನವಾಗಿ ಓದಮ್ಮ. ಕರ್ತನಾದ ಯೇಸು ಮಾರ್ಥಳಿಗೆ ಅಡುಗೆ ಬಿಡು ಎಂದು ಹೇಳಲಿಲ್ಲ. ಅನೇಕ ವಿಷಯಗಳ ಚಿಂತೆಯಲ್ಲಿ ಗಾಬರಿಯಾಗಿದ್ದೀಯ ಎಂದ. ಅದೂ ಯಾವಾಗ? ಅವಳು ಬಂದು ತಂಗಿಯ ಮೇಲೆ ದೂರು ಹೇಳಿದಾಗ. ಮರಿಯಳು ಆರಿಸಿಕೊಂಡದ್ದನ್ನು ಅವಳಿಂದ ಕಿತ್ತುಕೊಳ್ಳಬಾರದು ಎಂಬುದು ಅಲ್ಲಿನ ಮಾತು.

ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಯೋಹಾನ 11ರಲ್ಲಿ ಅವರ ಸಹೋದರ ಲಾಜರ ಸತ್ತಾಗ ಊರ ಹೊರಗೆ ಹೋಗಿ ಕರ್ತನನ್ನು ಎದುರುಗೊಂಡವಳು ಮಾರ್ಥಳು. "ನೀನೇ ಕ್ರಿಸ್ತನು, ದೇವಕುಮಾರನು" ಎಂದು ಬಾಯಿಬಿಟ್ಟು ಅರಿಕೆ ಮಾಡಿದವಳೂ ಅವಳೇ. ಶಿಷ್ಯ ಪೇತ್ರನ ಇಂಥದೇ ಅರಿಕೆಯ ಬಗ್ಗೆ ಎಷ್ಟು ಪ್ರಸಂಗ ಕೇಳುತ್ತೇವೆ, ಮಾರ್ಥಳ ಅರಿಕೆಯ ಬಗ್ಗೆ ಎಷ್ಟು ಕೇಳಿದ್ದೇವೆ? ಮುಂದೆ ಯೋಹಾನ 12ರಲ್ಲಿ ಬೇಥಾನ್ಯದ ಊಟದಲ್ಲಿ ಮತ್ತೆ ಉಪಚಾರ ಮಾಡುತ್ತಿರುವವಳು ಅವಳೇ. ಅಲ್ಲಿ ಯಾರೂ ಅವಳನ್ನು ಗದರಿಸಲಿಲ್ಲ. ಅದೇ ಹೆಂಗಸು, ಅದೇ ಕೆಲಸ. ಗಾಬರಿ ಮಾತ್ರ ಇಲ್ಲ.

ಠಾಕುರ್ಲಿ ಅಮ್ಮ
ಅಮ್ಮನವರೇ, 12ನೇ ಅಧ್ಯಾಯದ ಆ ವಚನ ನನ್ನ ಗಮನಕ್ಕೆ ಬಂದೇ ಇರಲಿಲ್ಲ. ಬಹಳ ಸಮಾಧಾನವಾಯಿತು.

ಪಿಂಪ್ರಿ ಬ್ರದರ್
ಸಿಸ್ಟರ್, ನೀವು ಕೆಲಸ ಬಿಟ್ಟು ಮಕ್ಕಳಿಗಾಗಿ ಮನೆಯಲ್ಲಿ ಇರುವುದೇ ದೊಡ್ಡ ಸಾಕ್ಷಿ. ಜ್ಞಾನೋಕ್ತಿಗಳು 31 ಓದಿ. ಗುಣವತಿಯಾದ ಸತಿ ಮನೆಯನ್ನು ನೋಡಿಕೊಳ್ಳುತ್ತಾಳೆ, ಸೋಮಾರಿತನದ ಅನ್ನ ತಿನ್ನುವುದಿಲ್ಲ. ಈಗಿನ ಕಾಲದಲ್ಲಿ ಅಂಥ ತಾಯಂದಿರು ಕಡಿಮೆ. ಮನೆಯೇ ನಿಮ್ಮ ಸಭೆ, ಮಕ್ಕಳೇ ನಿಮ್ಮ ಸೇವೆ.

ಮೀರಾ ರೋಡ್ ಹುಬ್ಬಳ್ಳಿಯವಳು
ಬ್ರದರ್, ಆ ಅಧ್ಯಾಯ ನಾನೂ ಓದಿದ್ದೇನೆ. ಅವಳು ಹೊಲ ನೋಡಿ, ವಿಚಾರ ಮಾಡಿ, ಕೊಂಡುಕೊಳ್ಳುತ್ತಾಳೆ. ತನ್ನ ಸಂಪಾದನೆಯಿಂದ ದ್ರಾಕ್ಷಿತೋಟ ಮಾಡಿಸುತ್ತಾಳೆ. ನಾರುಬಟ್ಟೆ ನೇಯ್ದು ಮಾರುತ್ತಾಳೆ, ವರ್ತಕರಿಗೆ ನಡುಕಟ್ಟು ಒದಗಿಸುತ್ತಾಳೆ. ಬಡವರಿಗೆ ಕೈ ನೀಡುತ್ತಾಳೆ. ಮತ್ತೆ 15ನೇ ವಚನ ನೋಡಿ, ಮನೆಯಲ್ಲಿ ದಾಸಿಯರಿದ್ದಾರೆ! ಠಾಕುರ್ಲಿಯ ಈ ತಂಗಿಗೆ ಯಾವ ದಾಸಿಯರಿದ್ದಾರೆ? ಆ ಅಧ್ಯಾಯ ಮನೆಯೊಳಗೆ ಕೂಡಿಹಾಕುವ ಹಗ್ಗ ಅಲ್ಲ. ಕೆಲಸಕ್ಕೆ ಹೋಗುವ ನನ್ನಂಥ ತಾಯಂದಿರೂ ಆ ಅಧ್ಯಾಯದಲ್ಲಿ ಇದ್ದಾರೆ.

ಇನ್ನೊಂದು. "ಮನೆಕೆಲಸವೇ ಆರಾಧನೆ" ಎಂಬ ಮಾತನ್ನು ಗಂಡಸರಿಗೆ ಯಾರೂ ಯಾಕೆ ಹೇಳುವುದಿಲ್ಲ? ಪಾತ್ರೆ ತೊಳೆಯುವುದು ಅಷ್ಟು ಪವಿತ್ರವಾದರೆ ಭಾನುವಾರ ಮಧ್ಯಾಹ್ನ ಅವರೂ ತೊಳೆಯಲಿ. ಎಫೆಸ 6:4ರಲ್ಲಿ ಮಕ್ಕಳನ್ನು ಕರ್ತನ ಶಿಕ್ಷಣದಲ್ಲಿ ಬೆಳೆಸಿ ಎಂದು ಹೆಸರು ಹಿಡಿದು ಹೇಳಿರುವುದು ತಂದೆಗಳಿಗೆ.

ಪಿಂಪ್ರಿ ಬ್ರದರ್
ನಾನು ಹೆಂಗಸರು ಕೆಲಸಕ್ಕೆ ಹೋಗಬಾರದು ಎಂದು ಹೇಳಲಿಲ್ಲ. ಮನೆಯಲ್ಲಿರುವವರಿಗೆ ಗೌರವ ಸಿಗುತ್ತಿಲ್ಲ ಎಂದು ಹೇಳಿದೆ. ಅದು ಸುಳ್ಳಾ?

ಮೀರಾ ರೋಡ್ ಹುಬ್ಬಳ್ಳಿಯವಳು
ಅದು ನಿಜ. ಗೌರವದ ಜೊತೆ ಸಹಾಯವೂ ಬೇಕು ಎನ್ನುವುದು ನನ್ನ ಮಾತು.

ಮಾಹಿಮ್ ಬಾಯ್
ನಾನು ಕಥೋಲಿಕಳು, ಮಂಗಳೂರು ಮೂಲ. ಮಾತಾಡಬಹುದಲ್ವಾ?

ನಮ್ಮಲ್ಲಿ ಸಂತ ಝೇಲಿ ಮಾರ್ಟಿನ್ ಎಂಬ ತಾಯಿ ಇದ್ದಾರೆ. ಲಿಸಿಯದ ಸಂತ ತೆರೇಸಾಳ ಅಮ್ಮ. ಫ್ರಾನ್ಸಿನ ಅಲೆನ್ಸೋನ್ ಊರಲ್ಲಿ ಲೇಸು ಹೆಣೆಯುವ ವ್ಯಾಪಾರ ನಡೆಸುತ್ತಿದ್ದರು, ಹೆಂಗಸರಿಗೆ ಕೆಲಸ ಕೊಡುತ್ತಿದ್ದರು. ಒಂಬತ್ತು ಹೆರಿಗೆ, ಅದರಲ್ಲಿ ನಾಲ್ಕು ಮಕ್ಕಳು ಸಣ್ಣವರಿರುವಾಗಲೇ ತೀರಿಹೋದರು. ಉಳಿದ ಐವರು ಹೆಣ್ಣುಮಕ್ಕಳೂ ಸಿಸ್ಟರ್ ಆದರು. ಗಂಡ ಲೂಯಿ ಗಡಿಯಾರದ ಕೆಲಸದವರು. ಹೆಂಡತಿಯ ವ್ಯಾಪಾರ ಬೆಳೆದಾಗ ತನ್ನ ಅಂಗಡಿ ಮಾರಿ ಅವಳ ಲೆಕ್ಕಪತ್ರ ನೋಡಿಕೊಂಡರು! 2015ರ ಅಕ್ಟೋಬರ್‌ನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿದರು. ಪಿಂಪ್ರಿ ಬ್ರದರ್ ಮತ್ತು ಮೀರಾ ರೋಡ್ ಅಕ್ಕ ಇಬ್ಬರಿಗೂ ಈ ಮನೆ ಇಷ್ಟವಾಗಬಹುದು.

ನನ್ನ ಪ್ರಾರ್ಥನೆ ಹೆಚ್ಚಾಗಿ ಲೋಕಲ್‌ನಲ್ಲೇ. ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕರೂ ಸಿಗದಿದ್ದರೂ ಬೆರಳಲ್ಲಿ ಜಪಸರ ನಡೆಯುತ್ತದೆ. ಆಚೆ ಮೂಲೆಯಲ್ಲಿ ಮರಾಠಿ ಹೆಂಗಸರು ಭಜನೆ ಹಾಡುತ್ತಾರೆ, ಈಚೆ ನನ್ನ "ನಮೋ ಮರಿಯಾ". ಬುಧವಾರ ಮಾಹಿಮ್ ಚರ್ಚಿನ ನೊವೆನಾ ಪ್ರಾರ್ಥನೆಗೆ ಹೋಗುತ್ತೇನೆ. ಮಗುವನ್ನು ಎತ್ತಿಕೊಂಡು ಬಂದ ತಾಯಂದಿರು ಅಲ್ಲಿ ಎಷ್ಟೊಂದು! ಮಗು ಅತ್ತರೆ ಯಾರೂ ತಿರುಗಿ ನೋಡುವುದಿಲ್ಲ. ನಿಮ್ಮ ಕೂಟದಲ್ಲೂ ಹಾಗೇ ಇರಬೇಕು.

ಖಡ್ಕಿ ಟೀಚರಮ್ಮ
ನಾನು ಬೀದರ್ ಕಡೆಯ ಮೆಥೊಡಿಸ್ಟ್, ಶಾಲೆಯಿಂದ ನಿವೃತ್ತಿಯಾಗಿದ್ದೇನೆ. ನಮಗೆ ಸಣ್ಣವರಿರುವಾಗಲೇ ಸುಸನ್ನಾ ವೆಸ್ಲಿಯ ಕತೆ ಹೇಳುತ್ತಿದ್ದರು. ನಮ್ಮ ಮೆಥೊಡಿಸ್ಟ್ ಪಂಥ ಶುರು ಮಾಡಿದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯರ ತಾಯಿ. 19 ಮಕ್ಕಳನ್ನು ಹೆತ್ತವರು, ಹತ್ತು ಮಕ್ಕಳು ಉಳಿದವು. ಮನೆಯಲ್ಲಿ ಸಾಲ, 1709ರಲ್ಲಿ ಮನೆಗೆ ಬೆಂಕಿ. ಅಷ್ಟರಲ್ಲೂ ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವಿಗೆ ಎಂದು ಇಟ್ಟಿದ್ದರು. ಆ ಹೊತ್ತಿನಲ್ಲಿ ಆ ಮಗುವಿನ ಜೊತೆ ಮಾತ್ರ ಮಾತು. ಜಾನ್‌ನ ಸರದಿ ಗುರುವಾರ. ಅವನು ದೊಡ್ಡವನಾದ ಮೇಲೂ ಆ ಗುರುವಾರಗಳನ್ನು ಮರೆಯಲಿಲ್ಲ.

ಸೆರಗಿನ ಹಾಗೆ ಏಪ್ರನ್ ಮುಖದ ಮೇಲೆ ಎಳೆದುಕೊಂಡು ಕೂತರೆ ಅಮ್ಮ ಪ್ರಾರ್ಥನೆಯಲ್ಲಿದ್ದಾಳೆ ಎಂದು ಮಕ್ಕಳಿಗೆ ಗೊತ್ತಾಗುತ್ತಿತ್ತು ಎಂಬ ಕತೆಯೂ ಇದೆ. ನನಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದು. ಪಾದ್ರಿಯಾಗಿದ್ದ ಗಂಡ ಲಂಡನ್ನಿಗೆ ಹೋಗಿದ್ದಾಗ ಭಾನುವಾರ ಸಂಜೆ ಮಕ್ಕಳಿಗಾಗಿ ಅಡುಗೆಮನೆಯಲ್ಲಿ ಪ್ರಾರ್ಥನೆ ಶುರು ಮಾಡಿದರು. ಅಕ್ಕಪಕ್ಕದವರು ಬಂದರು. ನೋಡನೋಡುತ್ತ ಇನ್ನೂರರಷ್ಟು ಜನ ಆಯಿತು. ಸಹಾಯಕ ಪಾದ್ರಿಗೆ ಸಿಟ್ಟು ಬಂತು, ಗಂಡನಿಗೆ ಪತ್ರ ಬರೆದ. ನಿಲ್ಲಿಸು ಎಂದು ಗಂಡ ಬರೆದರೆ ಈ ತಾಯಿ ಧೈರ್ಯವಾಗಿ ಕಾರಣ ಕೊಟ್ಟು ಉತ್ತರ ಬರೆದಳು. ಕೂಟ ನಡೆಯಿತು.

ಬೋಪೋಡಿ ತಾಯಿ
ಟೀಚರಮ್ಮ, ಸುಸನ್ನಾ ಮೇಲೆ ನನಗೂ ಗೌರವ ಇದೆ. ಆದರೆ ಮಕ್ಕಳು ಬೆತ್ತಕ್ಕೆ ಹೆದರಬೇಕು, ಅತ್ತರೂ ಮೆಲ್ಲಗೆ ಅಳಬೇಕು ಎಂದು ಅವರೇ ಜಾನ್‌ಗೆ ಬರೆದ ಪತ್ರದಲ್ಲಿದೆ. ಮಗುವಿನ ಹಟವನ್ನು ಮೊದಲು ಮುರಿಯಬೇಕು ಎಂದೂ ಇದೆ. ಆ ಭಾಗವನ್ನು ಹಿಡಿದುಕೊಂಡು ನಮ್ಮ ಸಂಡೆ ಸ್ಕೂಲಿನಲ್ಲಿ ಒಬ್ಬರು ಮಕ್ಕಳಿಗೆ ಹೊಡೆಯುವುದನ್ನು ಸಮರ್ಥಿಸುತ್ತಿದ್ದರು. ಯೇಸು ಮಕ್ಕಳನ್ನು ಅಪ್ಪಿಕೊಂಡು ಕೈಯಿಟ್ಟು ಆಶೀರ್ವದಿಸಿದ. ನಮಗೆ ಮಾದರಿ ಅದೇ.

ಖಡ್ಕಿ ಟೀಚರಮ್ಮ
ಒಪ್ಪುತ್ತೇನಮ್ಮ. 1732ರ ಪತ್ರ ಅದು, ಆ ಕಾಲದ ರೀತಿ. ಬೆತ್ತ ಬೇಡ, ಗುರುವಾರ ಇರಲಿ.

ಕುರ್ಲಾ
ಗಂಡ ಇಲ್ಲದ ಮನೆ ನನ್ನದು. ಒಬ್ಬ ಮಗ. "ಮನೆಯ ಯಾಜಕ ಗಂಡ" ಎಂದು ಪ್ರಸಂಗದಲ್ಲಿ ಹೇಳಿದಾಗಲೆಲ್ಲ ನಮ್ಮ ಮನೆಗೆ ಯಾಜಕನೇ ಇಲ್ಲ ಎಂದು ಮಗ ನನ್ನ ಮುಖ ನೋಡುತ್ತಾನೆ. ಇದನ್ನು ಯಾರೂ ಯೋಚಿಸುವುದಿಲ್ಲ.

ಕಲ್ಯಾಣ್ ಅಮ್ಮನವರು
ಕುರ್ಲಾ ತಂಗಿ, ಅಪೊಸ್ತಲ ಪೌಲನ ಜೊತೆಗಾರ ತಿಮೊಥೆಯನನ್ನು ನೆನಪಿಸಿಕೋ. ಪೌಲನು ಅವನ ನಂಬಿಕೆಯ ಬಗ್ಗೆ ಬರೆಯುವಾಗ ಅಜ್ಜಿ ಲೋವಿ ಮತ್ತು ತಾಯಿ ಯೂನೀಕೆಯ ಹೆಸರು ಹೇಳುತ್ತಾನೆ. ತಂದೆ ಗ್ರೀಕನು ಎಂದಷ್ಟೇ ಅಪೊಸ್ತಲರ ಕೃತ್ಯಗಳು 16ರಲ್ಲಿದೆ, ಹೆಸರೂ ಇಲ್ಲ. ಇಬ್ಬರು ಹೆಂಗಸರ ಕೈಯಲ್ಲಿ ಬೆಳೆದ ಹುಡುಗ ಮುಂದೆ ಸಭೆಗಳನ್ನು ನಡೆಸಿದ. ನಿನ್ನ ಮನೆಯಲ್ಲಿ ಪ್ರಾರ್ಥನೆ ನಡೆಸುವವಳು ನೀನು. ಮಗನಿಗೆ ಹಾಗೆಂದೇ ಹೇಳು. ನಮ್ಮ ಯಜಮಾನರಿಗೂ ಇದನ್ನು ಓದಿಸುತ್ತೇನೆ.

ದೌಂಡ್ ಲೈನ್
ಪುಣೆಯ ಹತ್ತಿರ ಇದ್ದು ಪಂಡಿತಾ ರಮಾಬಾಯಿಯ ಹೆಸರು ಇಷ್ಟು ಹೊತ್ತು ಬರಲಿಲ್ಲವಲ್ಲ! ಕುರ್ಲಾ ಅಕ್ಕನಿಗಾಗಿ ಬರೆಯುತ್ತೇನೆ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಘಟ್ಟದ ಗಂಗಾಮೂಲದಲ್ಲಿ. ಅಪ್ಪ ಅನಂತ ಶಾಸ್ತ್ರಿ ಮನೆಯವರ ವಿರೋಧವಿದ್ದರೂ ಹೆಂಡತಿಗೆ ಸಂಸ್ಕೃತ ಕಲಿಸಿದರು, ಆ ತಾಯಿಯೇ ರಮಾಬಾಯಿಗೆ ಕಲಿಸಿದರು. ಬರಗಾಲದಲ್ಲಿ ತಂದೆ ತಾಯಿ ಹೋದರು. ಮದುವೆಯಾಗಿ ಮಗಳು ಮನೋರಮಾ ಇನ್ನೂ ಕೂಸಾಗಿರುವಾಗ ಗಂಡನೂ ತೀರಿಕೊಂಡರು. ಕೂಸನ್ನು ಕಟ್ಟಿಕೊಂಡು ಪುಣೆಗೆ ಬಂದರು, ಅಲ್ಲಿಂದ ಇಂಗ್ಲೆಂಡಿಗೆ. 1883ರಲ್ಲಿ ಅಲ್ಲಿ ತಾಯಿ ಮಗಳಿಗೆ ದೀಕ್ಷಾಸ್ನಾನವಾಯಿತು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ತೆರೆದರು, ಮರುವರ್ಷ ಅದು ಪುಣೆಗೆ ಬಂತು. ಆಮೇಲೆ ಕೇಡಗಾಂವ್‌ನಲ್ಲಿ ಮುಕ್ತಿ ಎಂಬ ಆಶ್ರಯಧಾಮ. ಕ್ಷಾಮದಲ್ಲಿ ಅನಾಥರಾದ ಹುಡುಗಿಯರನ್ನು, ವಿಧವೆಯರನ್ನು ನೂರುಗಟ್ಟಲೆ ಕರೆತಂದರು.

ಅಲ್ಲಿ ಪ್ರಾರ್ಥನೆ ಬೇರೆ, ಕೆಲಸ ಬೇರೆ ಆಗಿರಲಿಲ್ಲ. ಬೀಸುವುದು, ನೇಯುವುದು, ಹೊಲದ ಕೆಲಸ, ಅಚ್ಚಿನ ಕೆಲಸ, ಎಲ್ಲವನ್ನೂ ಹೆಂಗಸರೇ ಮಾಡಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಸರಳ ಮರಾಠಿಗೆ ತಂದರು. ಅದರ ಅಚ್ಚಿನ ಕೆಲಸವೂ ಅದೇ ಅಂಗಳದಲ್ಲಿ. ಮನೋರಮಾ ದೊಡ್ಡವಳಾಗಿ ಅಮ್ಮನ ಬಲಗೈ ಆದಳು. ಗುಲಬರ್ಗಾದಲ್ಲಿ ಇವರು ಹೆಣ್ಣುಮಕ್ಕಳಿಗೆ ಶಾಲೆಯನ್ನೂ ನಡೆಸಿದರು. 1921ರಲ್ಲಿ ಮಗಳು ಹೋದಳು, 1922ರ ಏಪ್ರಿಲ್‌ನಲ್ಲಿ ತಾಯಿ. ಒಂಟಿ ತಾಯಿಯ ಮನೆ ಎಷ್ಟು ದೊಡ್ಡದಾಗಬಹುದು ನೋಡಿ.

ಕುರ್ಲಾ
ಗುಲಬರ್ಗಾದ ವಿಷಯ ಗೊತ್ತಿರಲಿಲ್ಲ. ನಮ್ಮದು ಅದೇ ಜಿಲ್ಲೆ! ಮಗನನ್ನು ಕೇಡಗಾಂವ್‌ಗೆ ಕರೆದುಕೊಂಡು ಹೋಗಬೇಕು. ಧನ್ಯವಾದ.

ವಾಸ್ಕೋ ನರ್ಸ್
ಎಲ್ಲರೂ ದೊಡ್ಡವರ ಕತೆ ಹೇಳಿದಿರಿ. ತಂಗಿ ಕೇಳಿದ್ದು ದಿನದಲ್ಲಿ ಜಾಗ ಎಲ್ಲಿ ಎಂದು. ನನ್ನದು ನೈಟ್ ಡ್ಯೂಟಿ ಇರುವ ಮನೆ. ನಾನು ಮಾಡುವುದು ಹೇಳುತ್ತೇನೆ.

ಉದ್ದದ ಅಧ್ಯಾಯ ಬಿಟ್ಟೆ. ಚಿಕ್ಕ ಕೀರ್ತನೆಗಳನ್ನು ಬಾಯಿಪಾಠ ಮಾಡಿಕೊಂಡೆ. 117ನೇ ಕೀರ್ತನೆ ಎರಡೇ ವಚನ, ಸತ್ಯವೇದದಲ್ಲೇ ಚಿಕ್ಕ ಅಧ್ಯಾಯ. ಕುಕ್ಕರ್ ಕೂಗುವುದರೊಳಗೆ ಮುಗಿಯುತ್ತದೆ. ಬಾಗಿಲು ದಾಟುವಾಗ 121ನೇ ಕೀರ್ತನೆ. ಹೋಗುವಾಗಲೂ ಬರುವಾಗಲೂ ಕಾಪಾಡುತ್ತಾನೆ ಎಂದು ಅದರ ಕೊನೆಯಲ್ಲಿದೆ. ಮಕ್ಕಳೂ ಚಪ್ಪಲಿ ಹಾಕಿಕೊಳ್ಳುತ್ತ ಹೇಳುತ್ತಾರೆ. ಧರ್ಮೋಪದೇಶಕಾಂಡ 6ರಲ್ಲಿ ಮಕ್ಕಳಿಗೆ ಕಲಿಸುವ ಜಾಗ ಯಾವುದು ಎಂದು ಬರೆದಿದೆ? ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಇದೆಲ್ಲ ತಾಯಿಯ ದಿನವೇ ಅಲ್ವಾ!

ಬಟ್ಟೆ ಮಡಚುವಾಗ ಯಾರ ಬಟ್ಟೆಯೋ ಅವರಿಗಾಗಿ ಪ್ರಾರ್ಥನೆ. ಮಾತು ಜಾಸ್ತಿ ಬೇಡ. "ಕರ್ತನೇ, ಇವಳ ಪರೀಕ್ಷೆ. ಇವನ ಕೆಮ್ಮು. ಅತ್ತೆಯ ಮಂಡಿನೋವು." ಅಷ್ಟೇ.

ಬೋಪೋಡಿ ತಾಯಿ
ಇದು ಚೆನ್ನಾಗಿದೆ, ಆದರೆ ನನ್ನ ಅನುಭವ ಹೇಳುತ್ತೇನೆ. ಬರೀ ಚೂರುಚೂರು ಪ್ರಾರ್ಥನೆಯಲ್ಲಿ ವರ್ಷಗಟ್ಟಲೆ ಇದ್ದರೆ ಮನಸ್ಸು ಬರಿದಾಗುತ್ತದೆ. ಯೇಸುವೇ ಜನರನ್ನು ಬಿಟ್ಟು ನಸುಕಿನಲ್ಲಿ ಏಕಾಂತಕ್ಕೆ ಹೋಗುತ್ತಿದ್ದ. ತಾಯಿಗೂ ಬಾಗಿಲು ಮುಚ್ಚಿದ ಒಂದು ಕೋಣೆ ಬೇಕು, ದಿನಾ ಆಗದಿದ್ದರೆ ವಾರಕ್ಕೊಮ್ಮೆ. ಆ ಹೊತ್ತು ಮಕ್ಕಳನ್ನು ಮನೆಯಲ್ಲಿ ಬೇರೆ ಯಾರಾದರೂ ನೋಡಿಕೊಳ್ಳಲಿ. ಅದನ್ನು ಕೇಳಲು ನಾಚಿಕೆ ಬೇಡ.

ಮಡಗಾಂವ್ ಅಪ್ಪ
ಬೋಪೋಡಿ ಸಿಸ್ಟರ್ ಹೇಳಿದ್ದಕ್ಕೆ ನನ್ನ ಒಪ್ಪಿಗೆ. ನಮ್ಮ ಮನೆಯಲ್ಲಿ ಶನಿವಾರ ಸಂಜೆ ನಾನು ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗುತ್ತೇನೆ. ಆ ಹೊತ್ತು ಪೂರ್ತಿ ಅವಳದು. ಪ್ರಾರ್ಥನೆ ಮಾಡುತ್ತಾಳೋ ಮಲಗುತ್ತಾಳೋ ನಾನು ಕೇಳುವುದಿಲ್ಲ.

ಭಾನುವಾರ ಅಡುಗೆ ನನ್ನದು. ಮೊದಮೊದಲು ನಮ್ಮ ತಾಯಿಗೆ ಸರಿ ಬರಲಿಲ್ಲ. ಯೋಹಾನ 21 ಓದಿ ತೋರಿಸಿದೆ. ಸತ್ತು ಎದ್ದ ಕರ್ತನು ಸರೋವರದ ದಡದಲ್ಲಿ ಕೆಂಡ ಹಾಕಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು, "ಬಂದು ಊಟ ಮಾಡಿರಿ" ಎಂದು ಶಿಷ್ಯರನ್ನು ಕರೆದ. ರಾತ್ರಿಯಿಡೀ ದುಡಿದು ಬಂದವರಿಗೆ ತಿಂಡಿ ಮಾಡಿ ಬಡಿಸಿದ್ದು ನಮ್ಮ ದೇವರು. ಗಂಡಸಿಗೆ ಒಲೆ ಮುಂದೆ ನಿಲ್ಲಲು ಇನ್ನು ಯಾವ ಅಡ್ಡಿ?

ಮೀರಾ ರೋಡ್ ಹುಬ್ಬಳ್ಳಿಯವಳು
ಅಣ್ಣ, ಇದನ್ನು ನಮ್ಮ ಸಭೆಯ ಪುರುಷರ ಕೂಟದಲ್ಲಿ ಬಂದು ಹೇಳುತ್ತೀರಾ? ಮನಸಾರೆ ಕೇಳುತ್ತಿದ್ದೇನೆ.

ಪಿಂಪ್ರಿ ಬ್ರದರ್
ಯೋಹಾನ 21ನ್ನು ನಾನು ಹೀಗೆ ಓದಿರಲಿಲ್ಲ. ಯೋಚಿಸುವಂಥ ಮಾತು.

ಘಾಟ್ಕೋಪರ್ ಅಕ್ಕ
ಭಾನುವಾರದ ಮಾತು ಬಂತಲ್ಲ. ಧರ್ಮೋಪದೇಶಕಾಂಡ 5ರಲ್ಲಿ ಸಬ್ಬತ್ತಿನ ದಿನ, ಅಂದರೆ ವಾರದ ವಿಶ್ರಾಂತಿಯ ದಿನ, ದಾಸ ದಾಸಿಯರಿಗೂ ನಿನ್ನ ಹಾಗೆಯೇ ವಿಶ್ರಾಂತಿ ಸಿಗಬೇಕು ಎಂದಿದೆ. ನಮ್ಮ ಮನೆಗಳಲ್ಲಿ ಕೆಲಸಕ್ಕೆ ಬರುವ ಬಾಯಿಗೆ ಭಾನುವಾರ ರಜೆ ಕೊಡುತ್ತೇವಾ? ನಾವು ಆರಾಧನೆಗೆ ಹೋಗುತ್ತೇವೆ, ಅವಳು ನಮ್ಮ ಪಾತ್ರೆ ಉಜ್ಜುತ್ತಿರುತ್ತಾಳೆ. ರಜೆ ಹಾಕಿದರೆ ಸಂಬಳ ಕಡಿತ. ಅವಳಿಗೂ ಮಕ್ಕಳಿದ್ದಾರೆ. ಮನೆಯಲ್ಲಿ ನಂಬಿಕೆ ಎಂದರೆ ನನಗೆ ಮೊದಲು ನೆನಪಾಗುವುದು ಇದು. ನಮ್ಮಲ್ಲಿ ಬರುವ ಬಾಯಿ ವಿಜಯಪುರದ ಕಡೆಯವಳು, ಕನ್ನಡದವಳು. ಅವಳಿಗೆ ಭಾನುವಾರ ರಜೆ, ಸಂಬಳ ಪೂರ್ತಿ. ನಮ್ಮ ಬಿಲ್ಡಿಂಗಿನಲ್ಲಿ ಇದಕ್ಕೆ ಬೈದವರೂ ಇದ್ದಾರೆ, ಬೇರೆಯವರು ಅದನ್ನೇ ಕೇಳುತ್ತಾರಂತೆ. ಕೇಳಲಿ!

ಮಾಹಿಮ್ ಬಾಯ್
ಇದಕ್ಕೆ ನೂರು ಲೈಕ್.

ಅಂಬರ್ನಾಥ್
ನನ್ನ ಚಿಂತೆ ಬೇರೆ. ಮಕ್ಕಳು ಇಂಗ್ಲಿಷ್ ಮೀಡಿಯಂ, ಮನೆ ಹೊರಗೆ ಹಿಂದಿ, ಮರಾಠಿ. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕನ್ನಡ ಸಭೆಯಲ್ಲಿ ಹಾಡುವಾಗ ಸುಮ್ನೆ ನಿಲ್ಲುತ್ತಾರೆ. ಅಜ್ಜಿ ಕೊಟ್ಟ ಸತ್ಯವೇದ ಕಪಾಟಿನಲ್ಲಿದೆ. ಇಂಗ್ಲಿಷ್ ಸಭೆಗೆ ಹೋಗೋಣ ಎನ್ನುತ್ತಾರೆ. ಏನು ಮಾಡುವುದು?

ಖಡ್ಕಿ ಟೀಚರಮ್ಮ
ಮೊಬೈಲ್‌ನಲ್ಲಿ ಕನ್ನಡ ಸತ್ಯವೇದದ ಆಡಿಯೋ ಸಿಗುತ್ತದೆ. ಅಡುಗೆ ಮಾಡುವಾಗ ಹಾಕಿ, ಎಲ್ಲರ ಕಿವಿಗೂ ಬೀಳಲಿ. ಠಾಕುರ್ಲಿ ತಂಗಿಗೂ ಇದು ಉಪಯೋಗ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ಅದು ನಾಲ್ಕರಲ್ಲಿ ಚಿಕ್ಕದು, ಕತೆ ಬೇಗ ಬೇಗ ಸಾಗುತ್ತದೆ. ಓದಲು ಕಲಿಸುವುದಾದರೆ ಗೊತ್ತಿರುವ ಹಾಡಿನಿಂದ ಕಲಿಸಿ. ಬಾಯಿಗೆ ಬರುವ ಸಾಲಿನ ಮೇಲೆ ಬೆರಳಿಟ್ಟರೆ ಅಕ್ಷರ ತಾನಾಗಿ ಹತ್ತಿರ ಬರುತ್ತದೆ. ಶಾಲೆಯಲ್ಲಿ ಇದನ್ನೇ ಮಾಡುತ್ತಿದ್ದೆ. ಆದರೆ ಭಾಷೆಗಾಗಿ ಮಕ್ಕಳನ್ನು ಅಳಿಸಬೇಡಿ. ಇಂಗ್ಲಿಷಿನಲ್ಲಿ ಪ್ರಾರ್ಥಿಸಿದರೂ ದೇವರು ಕೇಳುತ್ತಾನೆ.

ಅಂಬರ್ನಾಥ್
ಹಾಡಿನಿಂದ ಓದು. ಇದು ಇವತ್ತೇ ಶುರು.

ವಿರಾರ್ ನಿವಾಸಿ
ಮನೆಯಲ್ಲಿ ನಂಬಿಕೆ ಎನ್ನುತ್ತೀರಿ, ಮೊದಲು ಗಣಪತಿ ಹಬ್ಬದಲ್ಲಿ ಪಕ್ಕದ ಮನೆಯ ಮೋದಕ ತಿನ್ನುವುದನ್ನು ನಿಲ್ಲಿಸಿ. ಪೌಲನ ಪತ್ರ 1 ಕೊರಿಂಥ 10 ಓದಿ, ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನುವ ಮಾತು ಅಲ್ಲಿದೆ.

ಘಾಟ್ಕೋಪರ್ ಅಕ್ಕ
ಅದೇ ಪತ್ರದ 8ನೇ ಅಧ್ಯಾಯವನ್ನೂ ಓದಿ. ನಾನು ಪ್ರಸಾದ ತಿನ್ನುವುದಿಲ್ಲ, ನಮ್ಮ ಪಕ್ಕದ ಕಾಕೂಗೆ ಅದು ಗೊತ್ತು. ಹಾಗಾಗಿ ನೈವೇದ್ಯಕ್ಕೆ ಮೊದಲೇ ನನಗೆಂದು ನಾಲ್ಕು ತೆಗೆದಿಟ್ಟು ಕಳಿಸುತ್ತಾರೆ. ನನ್ನ ಹೆರಿಗೆಯಲ್ಲಿ ಆಸ್ಪತ್ರೆಯಲ್ಲಿ ರಾತ್ರಿ ಕೂತವರು ಅವರೇ. ಅವರ ಪ್ರೀತಿಗೆ ಬೆನ್ನು ತಿರುಗಿಸಲು ನನ್ನಿಂದ ಆಗದು.

ವಿರಾರ್ ನಿವಾಸಿ
ಪ್ರೀತಿ ಬೇರೆ, ಸತ್ಯ ಬೇರೆ.

ನಿರ್ವಾಹಕರು
ಪ್ರಸಾದದ ಚರ್ಚೆಗೆ ಹಳೆಯ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಇಲ್ಲಿ ತಾಯಂದಿರ ಪ್ರಶ್ನೆ ನಡೆಯಲಿ.

ಮಾಹಿಮ್ ಬಾಯ್
ಪಕ್ಕದ ಮನೆಯ ಮಾತಿಗೆ ಒಂದು ಸೇರಿಸುತ್ತೇನೆ. ಕ್ರಿಸ್ಮಸ್ಸಿಗೆ ನಾವು ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಹಂಚುತ್ತೇವೆ. ನೆವ್ರಿಯೊ, ಕಿಡಿಯೊ, ಗುಲಿಯೊ, ಎಲ್ಲ ಕೈಯಲ್ಲೇ. ಮಕ್ಕಳನ್ನು ಕೂರಿಸಿ ಫೋರ್ಕಿನ ಬೆನ್ನಿನ ಮೇಲೆ ಕಿಡಿಯೊ ಸುತ್ತಿಸುತ್ತೇನೆ. ಆ ಹೊತ್ತಿನಲ್ಲಿ ಬೆತ್ಲೆಹೇಮಿನ ಕತೆ ಕೇಳಿಸಿಕೊಂಡಷ್ಟು ಚೆನ್ನಾಗಿ ಅವರು ಬೇರೆ ಯಾವಾಗಲೂ ಕೇಳಿಸಿಕೊಳ್ಳುವುದಿಲ್ಲ. ತಟ್ಟೆ ಮೊದಲು ಹೋಗುವುದು ವಾಚ್‌ಮನ್ ಮನೆಗೆ, ಆಮೇಲೆ ಉಳಿದವರಿಗೆ. ನಮ್ಮಮ್ಮ ಇಟ್ಟ ನಿಯಮ.

ದೌಂಡ್ ಲೈನ್
ಕಿಡಿಯೊ ಗಟ್ಟಿಯಾಗದ ಹಾಗೆ ಹೇಗೆ ಮಾಡುವುದು ಅಕ್ಕ? ನಮ್ಮದು ಶಂಕರಪೋಳಿ, ಕರ್ಚಿಕಾಯಿ.

ಮಾಹಿಮ್ ಬಾಯ್
ಹಿಟ್ಟಿಗೆ ತೆಂಗಿನ ಹಾಲು ಹಾಕಿ ಕಲಸಿ, ಬಟ್ಟೆ ಮುಚ್ಚಿ ಸ್ವಲ್ಪ ಹೊತ್ತು ಬಿಡಿ. ಎಣ್ಣೆ ಹದವಾಗಿ ಕಾದಿರಲಿ, ಉರಿ ಸಣ್ಣ.

ಠಾಕುರ್ಲಿ ಅಮ್ಮ
ಎಲ್ಲರ ಉತ್ತರ ಓದಿದೆ. ಸಣ್ಣವನು ಮಲಗಿದ್ದಾನೆ, ಬೇಗ ಬರೆಯುತ್ತೇನೆ.

ವಾಸ್ಕೋ ಅಕ್ಕ, ಬಟ್ಟೆ ಮಡಚುವಾಗಿನ ಪ್ರಾರ್ಥನೆ ನನಗೆ ಹಿಡಿಸಿತು. 121ನೇ ಕೀರ್ತನೆಯನ್ನು ಮಗಳು ವ್ಯಾನ್ ಬರುವವರೆಗೆ ಕಲಿಯುತ್ತಿದ್ದಾಳೆ, ಮೊದಲ ಎರಡು ವಚನ ಬಂತು. ಬೋಪೋಡಿ ಅಕ್ಕ, ನಿಮ್ಮ ಮಾತೂ ಸರಿ. ಚೂರು ಪ್ರಾರ್ಥನೆ ಸಾಲದು ಎಂದು ನನಗೆ ಒಳಗೇ ಅನ್ನಿಸುತ್ತಿತ್ತು. ನಮ್ಮವರಿಗೆ ಮಡಗಾಂವ್ ಅಣ್ಣ ಬರೆದದ್ದನ್ನು ಓದಿಸಿದೆ. ಭಾನುವಾರ ಮಧ್ಯಾಹ್ನ ಎರಡೂ ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಅಡುಗೆ ಇನ್ನೂ ಮಾತಾಡಬೇಕು.

ಪಿಂಪ್ರಿ ಬ್ರದರ್, ನಿಮ್ಮ ಮನಸ್ಸು ಒಳ್ಳೆಯದು ಎಂದು ಗೊತ್ತು. ಆದರೆ ಮನೆಯೇ ನಿಮ್ಮ ಸಭೆ ಎಂದಾಗ ನನಗೆ ಒಂಟಿ ಎನ್ನಿಸಿತು. ನನಗೆ ಸಭೆಯೂ ಬೇಕು. ಬೇರೆ ಹೆಂಗಸರ ಜೊತೆ ಕೂತು ಹಾಡಬೇಕು. ಮಗು ಅಳುತ್ತದೆ ಎಂದು ನಾನು ಕೂಟ ಬಿಟ್ಟರೆ ಅದು ನನ್ನ ನಂಬಿಕೆ ಕಡಿಮೆ ಎಂದಲ್ಲ. ನನಗೆ ಅಲ್ಲಿ ಜಾಗ ಮಾಡಿಕೊಡಲಿ ಎಂದು ಕೇಳುತ್ತಿದ್ದೇನೆ.

ಪಿಂಪ್ರಿ ಬ್ರದರ್
ಸರಿಯಾದ ಮಾತು ಸಿಸ್ಟರ್. ನಮ್ಮ ಸಭೆಯಲ್ಲೂ ಇದನ್ನು ಎತ್ತುತ್ತೇನೆ.

ಕಲ್ಯಾಣ್ ಅಮ್ಮನವರು
ಹಾಗಾದರೆ ಕೇಳಿ. ಮಾರ್ಚ್ ಮೊದಲ ಶುಕ್ರವಾರ ಸ್ತ್ರೀಯರ ವಿಶ್ವ ಪ್ರಾರ್ಥನಾ ದಿನ. ಪ್ರತಿ ವರ್ಷ ನಮ್ಮಲ್ಲಿ ಸಣ್ಣ ಮಕ್ಕಳ ತಾಯಂದಿರೇ ಬರುವುದಿಲ್ಲ. ಈ ಸಲ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ, ಮಕ್ಕಳನ್ನು ಪುರುಷರ ಕೂಟದವರು ನೋಡಿಕೊಳ್ಳಲಿ ಎಂದು ಯಜಮಾನರಿಗೆ ಹೇಳಿದ್ದೇನೆ. ಒಪ್ಪಿದ್ದಾರೆ. ಕೂಟವನ್ನು ಸಂಜೆಗೆ ಇಟ್ಟರೆ ಕೆಲಸಕ್ಕೆ ಹೋಗುವವರಿಗೂ ಆಗುತ್ತದೆ. ಹಾಲುಣಿಸುವವರು ಮಗುವನ್ನು ಒಳಗೇ ಕರೆತರಬಹುದು, ಯಾರೂ ಏನೂ ಹೇಳಬಾರದು.

ಕುರ್ಲಾ
ನಾನು ಬರುತ್ತೇನೆ. ಮಗ ದೊಡ್ಡವನು, ಸಣ್ಣ ಮಕ್ಕಳಿಗೆ ಕತೆ ಹೇಳಲು ಅವನನ್ನೂ ಕರೆತರುತ್ತೇನೆ. ಅವನಿಗೆ ತಿಮೊಥೆಯನ ವಿಷಯ ಹೇಳಿದೆ, ಬಹಳ ಪ್ರಶ್ನೆ ಕೇಳಿದ.

ಮೀರಾ ರೋಡ್ ಹುಬ್ಬಳ್ಳಿಯವಳು
ನನಗೆ ದೂರ, ದಾದರ್‌ನಲ್ಲಿ ಬದಲಿಸಬೇಕು, ಆದರೂ ಬರುತ್ತೇನೆ. ಎಷ್ಟು ಗಂಟೆಗೆ ಎಂದು ತಿಳಿಸಿ ಅಮ್ಮನವರೇ. ಠಾಕುರ್ಲಿ ತಂಗಿ, ಕಲ್ಯಾಣ್ ನಿನಗೆ ಒಂದೇ ಸ್ಟೇಷನ್. ಸಂಜೆ ಗಾಡಿಯಲ್ಲಿ ಮಗುವನ್ನು ಎತ್ತಿಕೊಂಡು ಹತ್ತುವುದು ಕಷ್ಟ, ರಿಕ್ಷಾದಲ್ಲಿ ಬಾ.

ಅಂಬರ್ನಾಥ್
ನಮ್ಮವರು ಬೇಗ ಬರುತ್ತಾರೆ, ಮಕ್ಕಳ ಕೋಣೆಗೆ ಅವರ ಹೆಸರು ಬರೆದುಕೊಳ್ಳಿ. ಎಷ್ಟು ಮಕ್ಕಳು ಎಂದು ಮೊದಲೇ ಹೇಳಿ, ಬಾಳೆಹಣ್ಣು, ಬಿಸ್ಕತ್ತು ನಾವು ತರುತ್ತೇವೆ.

ಕಲ್ಯಾಣ್ ಅಮ್ಮನವರು
ಸಂಜೆ ಆರೂವರೆಗೆ. ಬರುವವರು ಮಕ್ಕಳ ವಯಸ್ಸು ಇಲ್ಲೇ ಬರೆಯಿರಿ. ಶೇಂಗಾ ತಿಂದರೆ ಆಗದ ಮಕ್ಕಳಿದ್ದರೆ ಅದನ್ನೂ ತಿಳಿಸಿ.